ಕಂತಿನ ಮೊಬೈಲು ಕೆಟ್ಟಾಗ

ನಮ್ಮ ಸೀಮೆಯ ಮನೆಗಳಲ್ಲಿ ಹೊಲದ ಪಾಸುಪುಸ್ತಕ, ಪಡಿತರ ಚೀಟಿ, ಮಕ್ಕಳ ಜನನಪತ್ರ ಇವುಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಅಂಗಡಿಯ ಬಿಲ್ಲಿಗೆ ಆ ಪೆಟ್ಟಿಗೆಯೊಳಗೆ ಎಂದೂ ಸ್ಥಳ ದೊರೆತದ್ದಿಲ್ಲ. ಅದು ಸಾಮಾನಿನ ಸಂಚಿಯಲ್ಲಿಯೇ ಉಳಿದು, ಸಂಚಿಯೊಡನೆ ತಿಪ್ಪೆಗೆ ಹೋಗುವುದು ವಾಡಿಕೆ. ಪ್ರತಿ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನವೆಂದು, ಶಾಲೆಯ ಮಕ್ಕಳಿಂದ ಗ್ರಾಹಕರ ಹಕ್ಕುಗಳನ್ನು ಕುರಿತು ಪ್ರಬಂಧ ಬರೆಯಿಸುವ ನಾನೂ ಈ ಮಾತಿಗೆ ಹೊರತಾಗಿರಲಿಲ್ಲವೆಂದು ಮೊದಲಿಗೇ ಒಪ್ಪಿಕೊಳ್ಳುವುದು ಲೇಸು. ಆ ದಿನದ ಮಹತ್ವವೇನೆಂದು ಕೇಳಿದರೆ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನವೆಂದು ಏಳನೆಯ ತರಗತಿಯ ಹುಡುಗಿಯೂ ಹೇಳಿಯಾಳು. ಆದರೆ ಆ ಕಾಯಿದೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತದ್ದು ಕಲ್ಯಾಣದುರ್ಗದಲ್ಲಿರುವ ನನ್ನ ತಂಗಿಯ ಮೊಬೈಲು ಕೆಟ್ಟ ದಿನ.

2023ರ ಅಕ್ಟೋಬರಿನಲ್ಲಿ ದಸರೆಯ ರಜೆಗೆಂದು ತಂಗಿಯೂ ಅವಳ ಮಗನೂ ನಮ್ಮಲ್ಲಿಗೆ ಬಂದಿದ್ದರು. ಭಾವನವರು ತೀರಿಕೊಂಡ ಮೇಲೆ ಅವಳು ಹೊಲಿಗೆಯಿಂದಲೇ ಸಂಸಾರ ತೂಗಿಸುತ್ತಿರುವವಳು. ಕುಪ್ಪಸದ ಅಳತೆಯಿಂದ ಹಿಡಿದು ಹಣ ಸಂದಾಯದವರೆಗೆ ಈಗ ಎಲ್ಲವೂ ಮೊಬೈಲಿನಲ್ಲಿಯೇ ನಡೆಯತಕ್ಕದ್ದಾಗಿದೆ. ಹುಡುಗನ ಇಂಟರ್ ಪಾಠಗಳಿಗೂ ಅದೇ ಆಧಾರ. ಹಿಂದೂಪುರದ ಪೇಟೆಯ ಅಂಗಡಿಯೊಂದರಲ್ಲಿ 13,500 ರೂಪಾಯಿಯ ಮೊಬೈಲು ಆರಿಸಿದರು. 3,500 ರೂಪಾಯಿ ಮುಂಗಡ; ಉಳಿದ ಹತ್ತು ಸಾವಿರಕ್ಕೆ ತಿಂಗಳಿಗೆ ಸಾವಿರದಂತೆ ಹತ್ತು ಕಂತು. "ಬಡ್ಡಿಯೇ ಇಲ್ಲ ಅಕ್ಕಾ" ಎಂದು ಅಂಗಡಿಯ ಹುಡುಗ ಹೇಳಿದ. ಅಂಗಡಿಯ ಮೂಲೆಯಲ್ಲಿ ಪುಟ್ಟ ಮೇಜಿನ ಹಿಂದೆ ಕುಳಿತಿದ್ದ ಇನ್ನೊಬ್ಬ ಆಧಾರ್ ಕಾರ್ಡು ಪಡೆದು, ಭಾವಚಿತ್ರ ತೆಗೆದು, ಐದು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಿದ. ಪಕ್ಕದಲ್ಲಿಯೇ ನಿಂತಿದ್ದ ನಾನು, ಆ ಎರಡನೆಯವನು ಅಂಗಡಿಯವನಲ್ಲ, ಸಾಲ ಕೊಡುವ ಸಂಸ್ಥೆಯವನು ಎಂಬುದನ್ನು ಗಮನಿಸಲಿಲ್ಲ. ಮುಂದಿನ ತೊಡಕೆಲ್ಲವೂ ಅಲ್ಲಿಂದಲೇ ಹುಟ್ಟಿತು.

ಸಂಕ್ರಾಂತಿ ಕಳೆದು, ಜನವರಿ 28ರ ಬೆಳಿಗ್ಗೆ ಮೊಬೈಲು ಕಣ್ಣು ತೆರೆಯಲಿಲ್ಲ. ಚಾರ್ಜಿಗೆ ಹಾಕಿದರೂ ಅಷ್ಟೆ. ಬಸ್ ನಿಲ್ದಾಣದ ಬಳಿ ರಿಪೇರಿ ಮಾಡುವವನೊಬ್ಬ, "ಇನ್ನೂರು ಕೊಡಿ, ಬಿಚ್ಚಿ ನೋಡ್ತೀನಿ" ಎಂದನಂತೆ. ಅವನ ಕೈಗೆ ಕೊಡದೆ ಹುಡುಗ ಹಿಂದಕ್ಕೆ ತಂದದ್ದು ದೈವಸಹಾಯವೆಂದೇ ಹೇಳಬೇಕು. ಕಂಪನಿಯಿಂದ ಅಧಿಕೃತರಲ್ಲದವರು ಒಮ್ಮೆ ತಿರುಪು ತೆಗೆದರೆ ವಾರಂಟಿ ಅಲ್ಲಿಗೆ ತೀರಿತೆಂದು ಬಹುತೇಕ ಎಲ್ಲ ಕಂಪನಿಗಳೂ ತಮ್ಮ ಚೀಟಿಯಲ್ಲಿ ಬರೆದಿರುತ್ತವೆ.

ಹಿಂದೂಪುರದ ಅಂಗಡಿಗೆ ನಾನೇ ಹೋದೆ. "ಮಾಕು ಸಂಬಂಧಂ ಲೇದು ಸಾರ್, ಅದು ಕಂಪನಿ ವಿಷಯ" ಎಂದು, ಸರ್ವಿಸ್ ಸೆಂಟರಿನ ವಿಳಾಸವನ್ನು ಚೀಟಿಯಲ್ಲಿ ಗೀಚಿಕೊಟ್ಟರು. ಗೋಡೆಯ ಮೇಲೆ, ಒಮ್ಮೆ ಮಾರಿದ ಸಾಮಾನನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂಬ ಫಲಕವೂ ಇದ್ದಿತು. ಸರ್ವಿಸ್ ಸೆಂಟರ್ ಇದ್ದದ್ದು ಅನಂತಪುರದಲ್ಲಿ. ಕಲ್ಯಾಣದುರ್ಗದಿಂದ ಸುಮಾರು 60 ಕಿಲೋಮೀಟರು. ತಂಗಿ ಒಂದು ದಿನದ ಕೆಲಸ ಬಿಟ್ಟು ಹೋಗಿ ಕೊಟ್ಟುಬಂದಳು. ವಾರದ ನಂತರ ಮತ್ತೆ ಹೋದಾಗ ದೊರೆತ ಉತ್ತರವಿದು: ಒಳಗಿನ ಬಿಳಿಯ ಚೀಟಿ ಕೆಂಪಾಗಿದೆ, ಅಂದರೆ ನೀರು ನುಗ್ಗಿದೆ; ಇದು ವಾರಂಟಿಗೆ ಸೇರುವುದಿಲ್ಲ; ಬೋರ್ಡು ಬದಲಾಯಿಸಲು 6,800 ರೂಪಾಯಿ ಆಗುತ್ತದೆ.

"ಅಣ್ಣಾ, ನಮ್ಮೂರಲ್ಲಿ ಕುಡಿಯೋಕೇ ನೀರಿಲ್ಲ, ಇದಕ್ಕೆಲ್ಲಿಂದ ನೀರು ನುಗ್ತು?" ಎಂದು ಅವಳು ಯಾರದೋ ಮೊಬೈಲಿನಿಂದ ಕರೆ ಮಾಡಿ ಅತ್ತಳು. ಆ ಕೋಪದಲ್ಲಿಯೇ ಫೆಬ್ರವರಿಯ ಕಂತನ್ನು ಕಟ್ಟದೆ ಬಿಟ್ಟಳು. ಕೆಟ್ಟ ವಸ್ತುವಿಗೆ ದುಡ್ಡು ಏಕೆ ಕೊಡಬೇಕೆಂಬುದು ಅವಳ ವಾದ. ಲೋಕನ್ಯಾಯಕ್ಕೆ ಅದು ಸರಿಯಾದ ವಾದವೇ. ಆದರೆ ಕಾಗದದ ನ್ಯಾಯ ಬೇರೆ.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ಬೇಡುತ್ತೇನೆ. ಕಂತಿನಲ್ಲಿ ಮೊಬೈಲು ಕೊಳ್ಳುವಾಗ ನಾವು ಮಾಡುವುದು ಒಂದು ಒಪ್ಪಂದವಲ್ಲ, ಎರಡು. ಮೊದಲನೆಯದು ಅಂಗಡಿಯವನೊಡನೆ ಮಾಡುವ ಕೊಳ್ಳುವ ಒಪ್ಪಂದ. ಆತ ತನ್ನ ಪೂರ್ತಿ ಹಣವನ್ನು ಅಂದೇ ಸಾಲದ ಸಂಸ್ಥೆಯಿಂದ ಪಡೆದುಬಿಡುತ್ತಾನೆ. ಎರಡನೆಯದು ಆ ಸಾಲದ ಸಂಸ್ಥೆಯೊಡನೆ ಮಾಡುವ ಸಾಲದ ಒಪ್ಪಂದ. ಅದಕ್ಕೂ ಮೊಬೈಲಿನ ಆರೋಗ್ಯಕ್ಕೂ ಸಂಬಂಧವಿಲ್ಲ. ಎಮ್ಮೆ ಸತ್ತರೂ ಎಮ್ಮೆಯ ಸಾಲ ಸಾಯುವುದಿಲ್ಲವೆಂದರೆ ನಮ್ಮ ರೈತರಿಗೆ ತಟ್ಟನೆ ಅರ್ಥವಾದೀತು. ಇಂಗ್ಲೆಂಡಿನಲ್ಲಿ 1974ರ ಕಾಯಿದೆಯೊಂದು, ನೂರು ಪೌಂಡಿಗೆ ಮೇಲ್ಪಟ್ಟು ಮೂವತ್ತು ಸಾವಿರ ಪೌಂಡಿನವರೆಗಿನ ಬೆಲೆಯ ವಸ್ತುವನ್ನು ಮಾರಾಟಗಾರನ ಜತೆಗೂಡಿದ ಸಾಲದಿಂದ ಕೊಂಡರೆ ಸಾಲ ಕೊಟ್ಟವನನ್ನೂ ಜತೆಯ ಹೊಣೆಗಾರನನ್ನಾಗಿ ಮಾಡುತ್ತದೆ. ನಮ್ಮಲ್ಲಿ ಅಂಥ ಸ್ಪಷ್ಟ ನಿಯಮವಿಲ್ಲ. ಆದುದರಿಂದ ಕಂತು ನಿಲ್ಲಿಸುವುದು ಆಯುಧವಾಗದೆ, ನಮ್ಮ ಕಾಲಿಗೆ ನಾವೇ ಹಾಕಿಕೊಳ್ಳುವ ಕೊಡಲಿಯಾಗುತ್ತದೆ. ತಂಗಿಗೆ ದಂಡವೆಂದು 500 ರೂಪಾಯಿ, ಅದರ ಮೇಲೆ ತೆರಿಗೆ ಬಿತ್ತು. ವಸೂಲಿಯವರ ಕರೆಗಳು ನೆರೆಮನೆಯವರ ಮೊಬೈಲಿಗೆಲ್ಲ ಬರತೊಡಗಿದವು. ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ನಂತರ ವಸೂಲಿಯವರು ಕರೆ ಮಾಡತಕ್ಕದ್ದಲ್ಲವೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿಯೇ ಸಾಲಸಂಸ್ಥೆಗಳಿಗೆ ವಿಧಿಸಿದೆ. ಸಾಲಗಾರರ ಪರಿಚಿತರನ್ನು ಪೀಡಿಸುವುದಕ್ಕೂ ನಿಷೇಧವಿದೆ. ಇಂಥ ಕಿರುಕುಳವಾದರೆ ಮೊದಲು ಸಾಲಸಂಸ್ಥೆಗೇ ಬರೆದು ದೂರಬೇಕು. ಮೂವತ್ತು ದಿನಗಳೊಳಗೆ ತೃಪ್ತಿಕರವಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ, ಖರ್ಚಿಲ್ಲದೆ, ದೂರು ಕೊಡಬಹುದು.

ವಿದೇಶದಲ್ಲಿ ಮಕ್ಕಳಿರುವವರು, "ಅಲ್ಲಿ ದೂರವಾಣಿ ಕಂಪನಿಯೇ ಎರಡು ವರ್ಷದ ಕರಾರಿನ ಮೇಲೆ ಮೊಬೈಲು ಕೊಡುತ್ತದಲ್ಲಾ" ಎಂದು ಕೇಳಬಹುದು. ನಮ್ಮಲ್ಲಿಯೂ ಅದರ ಪ್ರಯೋಗ ನಡೆದುದುಂಟು. 2003ರಲ್ಲಿ ರಿಲಯನ್ಸ್ ಸಂಸ್ಥೆ 501 ರೂಪಾಯಿಗೆ ಮೊಬೈಲು ಕೈಗಿತ್ತು ಉಳಿದುದನ್ನು ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುವ ಯೋಜನೆ ತಂದದ್ದು ಅನೇಕರಿಗೆ ನೆನಪಿರಬಹುದು. 2017ರಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನ್ ಬಂದಿತು. ಆದರೆ ಇಂದು ನಮ್ಮ ಊರುಗಳಲ್ಲಿ ಕರಾರಿನ ಮೊಬೈಲೆಂದರೆ ಕಂತಿನ ಮೊಬೈಲೇ ಸರಿ.

ಇನ್ನು ವಾರಂಟಿಯ ವಿಚಾರ. ನಮ್ಮ ಜನ ಗ್ಯಾರಂಟಿ, ವಾರಂಟಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೆಟ್ಟರೆ ಹೊಸದನ್ನೇ ಕೊಡಬೇಕೆಂದು ಭಾವಿಸುತ್ತಾರೆ. ವಾರಂಟಿ ಚೀಟಿಯಲ್ಲಿ ಕಂಪನಿ ಒಪ್ಪಿಕೊಂಡಿರುವುದು ಸಾಧಾರಣವಾಗಿ ಒಂದು ವರ್ಷದವರೆಗೆ ಕೆಟ್ಟ ಭಾಗವನ್ನು ಖರ್ಚಿಲ್ಲದೆ ಸರಿಪಡಿಸುವುದು ಅಥವಾ ಬದಲಾಯಿಸುವುದು, ಅಷ್ಟೆ. ಚಾರ್ಜರು ಮೊದಲಾದವಕ್ಕೆ ಅವಧಿ ಇನ್ನೂ ಕಡಿಮೆ. 2006ರಲ್ಲಿ ಮಾರುತಿ ಕಾರಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿತು. ವಾರಂಟಿಯ ಹೊಣೆ ಕೆಟ್ಟ ಭಾಗವನ್ನು ಬದಲಾಯಿಸುವುದೇ ಹೊರತು ಇಡೀ ಕಾರನ್ನಲ್ಲ ಎಂದು. ಹಾಗೆಂದು ಗ್ರಾಹಕನ ಹಕ್ಕು ವಾರಂಟಿ ಚೀಟಿಯಲ್ಲಿಯೇ ಮುಗಿಯಿತೆಂದು ತಿಳಿಯಬಾರದು. 1930ರ ಸರಕುಗಳ ಮಾರಾಟ ಕಾಯಿದೆಯ ಪ್ರಕಾರ, ಅಂಥ ಸರಕಿನ ವ್ಯಾಪಾರಿಯಿಂದ ವಿವರಣೆ ನಂಬಿ ಕೊಂಡ ವಸ್ತು ಮಾರಾಟಯೋಗ್ಯವಾದ ಗುಣಮಟ್ಟದ್ದಾಗಿರಬೇಕೆಂಬುದು ಬರೆಯದಿದ್ದರೂ ಒಪ್ಪಂದದೊಳಗೆ ಅಡಗಿರುವ ಷರತ್ತು. ಮೇಲಿಂದ ಮೇಲೆ ಸರಿಪಡಿಸಿದರೂ ಅದೇ ದೋಷ ಮರುಕಳಿಸಿದರೆ, ತಯಾರಿಕೆಯಲ್ಲಿಯೇ ದೋಷವಿದೆಯೆಂದು ತೋರಿಸಿ ಹೊಸ ವಸ್ತುವನ್ನೋ ಹಣವನ್ನೋ ಕೇಳಲು ಆಸ್ಪದವಿದೆ.

1986ರ ಕಾಯಿದೆಯ ಸ್ಥಾನದಲ್ಲಿ ಈಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಗ್ರಾಹಕ ಯಾರೆಂಬುದಕ್ಕೆ ಅದು ಕೊಡುವ ಲಕ್ಷಣ ನಮ್ಮ ತಂಗಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಪೂರ್ತಿ ಹಣ ಕೊಟ್ಟವನಷ್ಟೇ ಅಲ್ಲ, ಸ್ವಲ್ಪ ಕೊಟ್ಟು ಉಳಿದುದನ್ನು ಕೊಡುವೆನೆಂದವನೂ, ಮುಂದೂಡಿದ ಪಾವತಿಯಲ್ಲಿ ಕೊಂಡವನೂ ಗ್ರಾಹಕನೇ. ಕೊಂಡವರ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ. ಅಂದರೆ ಅಮ್ಮ ಕೊಂಡ ಮೊಬೈಲಿನಲ್ಲಿ ಓದುವ ಮಗನಿಗೂ ಹಕ್ಕುಂಟು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂದು ಕಾಯಿದೆ ಹೇಳುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲಿಕ್ಕಷ್ಟೇ ಕೊಂಡು ತಾವೇ ಬಳಸುವವರಿಗೆ ಆ ಮಾತು ತಗಲದು. ಹೊಲಿಗೆಯವಳ ಮೊಬೈಲು ವ್ಯಾಪಾರದ್ದೆಂದು ಯಾರೂ ತಳ್ಳಿಹಾಕುವಂತಿಲ್ಲ.

ಅಂಗಡಿಯ ಗೋಡೆಯ ಆ ಫಲಕಕ್ಕೂ ಈ ಕಾಯಿದೆಯಲ್ಲಿ ಉತ್ತರವಿದೆ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನೇ ನಮೂದಿಸದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದೂ ಅದೇ ಬಗೆಯದು. ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ಕೊಂಡವರಿಗೆ 2020ರ ಇ-ವಾಣಿಜ್ಯ ನಿಯಮಗಳು ಬೇರೆ ಇವೆ. ಆ ಕಂಪನಿಗಳ ಅಹವಾಲು ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಕಲ್ಯಾಣದುರ್ಗಕ್ಕೆ ಹೋದೆ. ಮೊದಲು ಕೇಳಿದ್ದು ಬಿಲ್ಲು. ಅದು ಸಿಕ್ಕಿತು, ಹೊಲಿಗೆಯ ಯಂತ್ರದ ಅರೆಯಲ್ಲಿ ನೂಲಿನುಂಡೆಗಳ ಕೆಳಗೆ, ಮಡಿಕೆ ಮಡಿಕೆಯಾಗಿ. ಎರಡನೆಯದು ಸರ್ವಿಸ್ ಸೆಂಟರಿನವರು ಮೊಬೈಲು ಪಡೆದುಕೊಳ್ಳುವಾಗ ಕೊಟ್ಟ ಜಾಬ್ ಶೀಟ್. ಅದನ್ನು ತಂಗಿ ಒಮ್ಮೆಯೂ ಓದಿರಲಿಲ್ಲ. ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ಕನ್ನಡಕ ಏರಿಸಿಕೊಂಡು ಓದಿದಾಗ ನನಗೆ ಜೀವ ಬಂದಂತಾಯಿತು. ದೂರು: ಚಾಲೂ ಆಗುತ್ತಿಲ್ಲ. ಹೊರಗಿನ ಸ್ಥಿತಿ: ಚೆನ್ನಾಗಿದೆ. ನೀರಿನ ಗುರುತು: ಇಲ್ಲ. ಹೀಗೆಂದು ಅವರ ಗುಮಾಸ್ತರೇ ಬರೆದು ಸಹಿ ಹಾಕಿದ್ದರು! ಪಡೆದುಕೊಂಡ ದಿನ ಇರದಿದ್ದ ನೀರಿನ ಗುರುತು, ಒಂದು ವಾರ ಅವರ ಕಪಾಟಿನಲ್ಲಿದ್ದು ಹೇಗೆ ಬಂದಿತು? ಹೊರಗಿನಿಂದ ನೋಡಿದವರಿಗೆ ಒಳಗಿನ ಚೀಟಿ ಕಾಣುವುದಿಲ್ಲವೆಂದು ಅವರು ಆಮೇಲೆ ಸಮಜಾಯಿಷಿ ಹೇಳಿದರು. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬರೆದ ಅಕ್ಷರಕ್ಕೆ ಬೆಲೆಯುಂಟಷ್ಟೆ.

ಅಂದು ರಾತ್ರಿಯೇ ಕೂತು ಕಾಗದ ಬರೆದೆ. ಇಂಗ್ಲಿಷಿನಲ್ಲಿ ಬರೆದುದರ ತಾತ್ಪರ್ಯವನ್ನು ಇಲ್ಲಿ ಕೊಡುತ್ತೇನೆ, ಬೇಕಾದವರು ತಮ್ಮ ವಿವರ ತುಂಬಿ ಬಳಸಿಕೊಳ್ಳಬಹುದು: "ಇಂಥ ದಿನ, ಇಂಥ ಅಂಗಡಿಯಲ್ಲಿ, ಇಂಥ ಬಿಲ್ಲಿನ ಮೇಲೆ ಈ ಮೊಬೈಲನ್ನು ಕೊಂಡಿರುತ್ತೇನೆ. ಐ.ಎಂ.ಇ.ಐ. ಸಂಖ್ಯೆ ಇದು. ವಾರಂಟಿಯ ಅವಧಿಯೊಳಗೆ ಇಂಥ ದಿನ ಕೆಟ್ಟಿತು. ತಮ್ಮ ಜಾಬ್ ಶೀಟಿನಲ್ಲಿ ನೀರಿನ ಗುರುತಿಲ್ಲವೆಂದು ನಮೂದಿಸಿ ಪಡೆದುಕೊಂಡು, ಬಳಿಕ ನೀರು ನುಗ್ಗಿದೆಯೆಂದು ನಿರಾಕರಿಸಿರುವುದು ಸೇವೆಯ ನ್ಯೂನತೆಯಾಗಿದೆ. ಹದಿನೈದು ದಿನಗಳೊಳಗೆ ಖರ್ಚಿಲ್ಲದೆ ಸರಿಪಡಿಸಿ ಕೊಡದಿದ್ದಲ್ಲಿ ಗ್ರಾಹಕ ಆಯೋಗದ ಮೊರೆ ಹೋಗುವುದು ಅನಿವಾರ್ಯವಾಗುತ್ತದೆ." ಇದರ ಪ್ರತಿಗಳನ್ನು ಕಂಪನಿಗೆ, ಸರ್ವಿಸ್ ಸೆಂಟರಿಗೆ, ಅಂಗಡಿಗೆ ಮೂವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. (ಆ ಹಳೆಯ ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ವಿಲೀನಗೊಳಿಸಿದ್ದಾರೆ. ಈಗ ಸ್ಪೀಡ್ ಪೋಸ್ಟಿನಲ್ಲಿಯೇ ಕಳುಹಿಸಿ ತಲುಪಿದ ಪುರಾವೆ ಇಟ್ಟುಕೊಳ್ಳಬೇಕು.) ಐ.ಎಂ.ಇ.ಐ. ಎಂಬುದು ಪ್ರತಿ ಮೊಬೈಲಿಗೂ ಇರುವ 15 ಅಂಕಿಯ ಗುರುತು. ನಕ್ಷತ್ರ, ಹ್ಯಾಷ್, 06, ಹ್ಯಾಷ್ ಒತ್ತಿದರೆ ಪರದೆಯ ಮೇಲೆ ಕಾಣುತ್ತದೆ. ಕೆಟ್ಟ ಮೇಲೆ ಕಾಣುವುದೆಲ್ಲಿಂದ ಬಂತು. ಆಗ ಪೆಟ್ಟಿಗೆಯ ಮೇಲೂ ಬಿಲ್ಲಿನ ಮೇಲೂ ನೋಡಬೇಕು. ಪೆಟ್ಟಿಗೆಯನ್ನು ಮಕ್ಕಳಿಗೆ ಆಡಲು ಕೊಡಬೇಡಿರೆಂದು ತಾಯಂದಿರಲ್ಲಿ ನನ್ನ ಬಿನ್ನಹ.

ಹದಿನೈದು ದಿನ ಕಳೆದರೂ ಉತ್ತರವಿಲ್ಲ. ಮಾರ್ಚ್ ಮೊದಲ ವಾರ 1915 ಎಂಬ ಸಂಖ್ಯೆಗೆ ಕರೆ ಮಾಡಿದೆವು. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹಣ ತೆರಬೇಕಾದ್ದಿಲ್ಲ. ಗಡಿಯಾಚೆಯ ನಮಗೆ ಮುಖ್ಯವಾದ ಸಂಗತಿಯೆಂದರೆ ಹದಿನೇಳು ಭಾಷೆಗಳಲ್ಲಿ ಕನ್ನಡವೂ ಒಂದು. ತೆಲುಗು ನಾಡಿನಲ್ಲಿ ಕೂತು, ಕಚೇರಿಯೊಂದಕ್ಕೆ ಸಂಬಂಧಿಸಿದ ದೂರನ್ನು ನನ್ನ ತಂಗಿ ತನ್ನ ಮಾತಿನಲ್ಲಿ ತಾನೇ ಹೇಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ದೂರನ್ನು ಕಂಪನಿಗೆ ತಲುಪಿಸಿ ಉತ್ತರ ತರಿಸುವುದಷ್ಟೇ ಅದರ ಕೆಲಸ. ಆದರೂ ಅಂಗಡಿಗೆ, ಅನಂತಪುರಕ್ಕೆ ಅಲೆದರೂ ಆಗದ ಕೆಲಸ ಆ ಒಂದು ಕರೆಯಿಂದ ಆಯಿತು. ಮಾರ್ಚ್ 20ರಂದು ಹೊಸ ಬೋರ್ಡು ಹಾಕಿದ ಮೊಬೈಲು, ಖರ್ಚಿಲ್ಲದೆ, ಕೈಸೇರಿತು. ಕೆಟ್ಟ ದಿನದಿಂದ ಎಣಿಸಿದರೆ 52 ದಿನ. ಹೊಸ ಮೊಬೈಲೂ ಇಲ್ಲ, ನಷ್ಟಪರಿಹಾರವೂ ಇಲ್ಲ, ಬಸ್ಸಿನ ಖರ್ಚೂ ಇಲ್ಲ. ಒಳಗಿದ್ದ ಭಾವನವರ ಭಾವಚಿತ್ರಗಳು, ಗಿರಾಕಿಗಳ ಅಳತೆಗಳು ಎಲ್ಲವೂ ಬೋರ್ಡಿನೊಡನೆಯೇ ಹೋಗಿದ್ದವು. ಚಿತ್ರಗಳನ್ನು ಬೇರೆಡೆ ನಕಲು ಮಾಡಿಡಬೇಕೆಂಬ ಬುದ್ಧಿ ನಮಗಾರಿಗೂ ಮುಂಚೆ ಹೊಳೆದಿರಲಿಲ್ಲ.

ಅಲ್ಲಿಗೂ ಬಗೆಹರಿಯದಿದ್ದರೆ ಏನು ಮಾಡುತ್ತಿದ್ದೆವು? ಇದನ್ನು ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕು. ಹಿಂದೂಪುರದವರು ಗೌರಿಬಿದನೂರಿಗೋ ಬೆಂಗಳೂರಿಗೋ, ಕಲ್ಯಾಣದುರ್ಗದ ಕಡೆಯವರು ಪಾವಗಡಕ್ಕೋ ಹೋಗಿ ಸಾಮಾನು ಕೊಳ್ಳುವುದು ದಿನನಿತ್ಯದ ಮಾತು. ನಮಗೆ ಅದು ಬೇರೆ ರಾಜ್ಯವೆನ್ನಿಸುವುದೇ ಇಲ್ಲ. ಆದರೆ 1986ರ ಕಾಯಿದೆಯಲ್ಲಿ, ಎದುರಾಳಿ ಇರುವ ಅಥವಾ ವ್ಯವಹಾರ ನಡೆದ ಊರಿನ ಜಿಲ್ಲೆಯಲ್ಲಿಯೇ ದೂರು ಹೂಡಬೇಕಾಗಿತ್ತು. ಬೆಂಗಳೂರಿನಲ್ಲಿ ಕೊಂಡ ಮೊಬೈಲಿಗಾಗಿ ಹಿಂದೂಪುರದವನು ಪ್ರತಿ ವಾಯಿದೆಗೂ ನೂರು ಕಿಲೋಮೀಟರು ಹೋಗಿಬರಬೇಕಾಗಿದ್ದರೆ ಯಾರು ದಾವೆ ಹೂಡಿಯಾರು? 2019ರ ಕಾಯಿದೆ ಈ ತೊಡಕನ್ನು ಬಿಡಿಸಿತು. ದೂರುದಾರ ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡಬಹುದು. 2022ರ ಏಪ್ರಿಲ್ 4ರಂದು ನಮ್ಮ ಜಿಲ್ಲೆ ಒಡೆದು, ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಕೊಂಡ ಅಂಗಡಿ ಒಂದು ಜಿಲ್ಲೆಯಲ್ಲಿ, ಕೊಂಡವಳು ಇನ್ನೊಂದು ಜಿಲ್ಲೆಯಲ್ಲಿ. ಹಾಗಿದ್ದರೂ ತಂಗಿ ತನ್ನ ಅನಂತಪುರದ ಆಯೋಗಕ್ಕೆ ಹೋಗುವುದಕ್ಕೆ ಅಡ್ಡಿಯಿರುತ್ತಿರಲಿಲ್ಲ. ಪುಸ್ತಕದ ಮಾತು ಹಾಗಿರಲಿ, ಇದು ನಮ್ಮಂಥವರಿಗೆ ದೊರೆತ ದೊಡ್ಡ ಅನುಕೂಲವೆಂದೇ ನಾನು ಎಣಿಸುತ್ತೇನೆ.

ಐದು ಲಕ್ಷ ರೂಪಾಯಿಯವರೆಗಿನ ಬೆಲೆಯ ವಸ್ತುವಿಗೆ ದೂರಿನ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ಹೂಡಬೇಕು. ಅಂಗಡಿ, ಸರ್ವಿಸ್ ಸೆಂಟರ್, ತಯಾರಕ ಕಂಪನಿ ಮೂವರನ್ನೂ ಎದುರಾಳಿಗಳನ್ನಾಗಿ ಮಾಡುವುದು ಜಾಣತನ. ಇಲ್ಲವಾದರೆ ಇದ್ದವನು ಇಲ್ಲದವನ ಕಡೆಗೆ ಬೆರಳು ತೋರಿಸುತ್ತಾನೆ. ದೋಷವೇನೆಂಬುದು ಪರೀಕ್ಷೆಯಿಲ್ಲದೆ ತಿಳಿಯದಿದ್ದಲ್ಲಿ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅಂತರ್ಜಾಲದ ಮೂಲಕ ದೂರು ಸಲ್ಲಿಸಲು 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ವ್ಯವಸ್ಥೆ ಬಂದಿದೆ. ವಿಡಿಯೋ ಮೂಲಕ ವಿಚಾರಣೆ ಬೇಕೆಂದೂ ಅರ್ಜಿ ಕೊಡಬಹುದು. ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯಿದೆ ವಿಧಿಸುತ್ತದೆ; ಆದರೆ ಕಾಯಿದೆಯ ತಿಂಗಳಿಗೂ ಕಚೇರಿಯ ತಿಂಗಳಿಗೂ ದಿನಗಳ ಲೆಕ್ಕ ಬೇರೆಯೆಂಬುದನ್ನು ಸರ್ಕಾರಿ ನೌಕರನಾದ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮೊಬೈಲು ಸರಿಯಿದ್ದು ಸಿಮ್ಮಿನ ಸೇವೆ ಕೆಟ್ಟರೆ ಗ್ರಾಹಕ ಆಯೋಗಕ್ಕೆ ಹೋಗಲಾಗದೆಂದು 2009ರ ತೀರ್ಪೊಂದರ ಬಲದಿಂದ ಬಹುಕಾಲ ಹೇಳುತ್ತಿದ್ದರು. 2022ರ ಫೆಬ್ರವರಿಯಲ್ಲಿ ವೊಡಾಫೋನ್ ಐಡಿಯಾ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಅಡ್ಡಿಯನ್ನು ತೆಗೆದುಹಾಕಿತು. ಈಗ ದೂರವಾಣಿ ಕಂಪನಿಗಳ ಮೇಲೂ ಅಲ್ಲಿಯೇ ದೂರು ಕೊಡಬಹುದು.

ತಂಗಿ ಉಳಿದ ಕಂತುಗಳನ್ನೆಲ್ಲ ತಪ್ಪದೆ ಕಟ್ಟಿ 2024ರ ಆಗಸ್ಟಿನಲ್ಲಿ ಸಾಲ ತೀರಿಸಿದಳು. ತೀರಿತೆಂಬ ಪತ್ರವನ್ನು ಕೇಳಿ ಪಡೆದು, ಬಿಲ್ಲು ಮತ್ತು ಜಾಬ್ ಶೀಟಿನೊಡನೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಹುಡುಗ ಇಂಟರ್ ಮುಗಿಸಿ ಈಗ ಅನಂತಪುರದಲ್ಲಿ ಓದುತ್ತಿದ್ದಾನೆ. ಕಳೆದ ವರ್ಷ ಅವಳು ವಿದ್ಯುತ್ ಹೊಲಿಗೆಯ ಯಂತ್ರಕ್ಕೆಂದು ಬ್ಯಾಂಕಿನಲ್ಲಿ ಸಾಲ ಕೇಳಿದಳು. ಗುಮಾಸ್ತರು ಕಂಪ್ಯೂಟರಿನ ಪರದೆ ನೋಡಿ, "ಅಮ್ಮಾ, 2024ರ ಫೆಬ್ರವರಿಯಲ್ಲಿ ಒಂದು ಕಂತು ತಪ್ಪಿದೆಯಲ್ಲಾ, ಯಾಕೆ?" ಎಂದರಂತೆ. ಅವಳು ಮನೆಗೆ ಬಂದು ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನೆಲ್ಲ ಒಯ್ದು ಅವರ ಮುಂದೆ ಹರಡಿದಳು. ಸಾಲ ಮಂಜೂರಾಯಿತು, ಎರಡು ತಿಂಗಳು ತಡವಾಗಿ.